ಒಂದು ದಾಟಿನ ಕುರಿತು ಆಕ್ಷೇಪ

ಪ್ರಿಯ ಗೋಜಲು,

ಇಂದು ನವೆಂಬರ್ ಹದಿನಾಲ್ಕು, ಶುಕ್ರವಾರ. ಮಂಗಳವಾರ ನನ್ನ ಕೈಸೇರಿದ ನಿನ್ನ ಕಾರ್ಡಿನಲ್ಲಿ, ಚಿತ್ರದ ಎಡಭಾಗದ ಮೇಲ್ತುದಿಯಲ್ಲಿ, ಕೆಳಗೆ ಹೋಗಬೇಕಾದ ಗೆರೆಯೊಂದು ಮೇಲೆ ಹೋಗಿದೆ. ಅದನ್ನು ದಾಖಲಿಸುವುದು, ಅದು ತಪ್ಪೆಂದು ಸಾಧಿಸಿ ತೋರಿಸುವುದು, ಕಾರ್ಡನ್ನು ತಿದ್ದಿ ಹಿಂದಿರುಗಿಸುವುದು, ಇಷ್ಟೇ ಈ ಪತ್ರದ ಉದ್ದೇಶ. ಕ್ಷೇಮಸಮಾಚಾರಕ್ಕೆಂದು ಬರೆಯುತ್ತಿಲ್ಲ. ನಾನು ಕ್ಷೇಮವಾಗಿಯೇ ಇದ್ದೇನೆ.

ಇಷ್ಟು ಕಾಲ ನಮ್ಮ ನಡುವೆ ಓಡಾಡಿದ ಕಾರ್ಡುಗಳಲ್ಲಿ ಚಿತ್ರವನ್ನು ಬಿಟ್ಟರೆ ಇರುತ್ತಿದ್ದದ್ದು ಎರಡೇ ಮಾತು: ‘ನಿನ್ನ ಸರದಿ’. ಬೇರೇನೂ ಬರೆಯಬಾರದೆಂಬ ನಿಯಮ ಇಬ್ಬರೂ ಒಪ್ಪಿ ಮಾಡಿದ್ದು. ಈ ಸಲ ನೀನು ಕಾರ್ಡನ್ನು ಲಕೋಟೆಯಲ್ಲಿಟ್ಟು ಜೊತೆಗೊಂದು ಚೀಟಿ ಸೇರಿಸಿದ್ದೀಯ. ನಿಯಮವನ್ನು ಮೊದಲು ಮುರಿದವಳು ನೀನು. ಆದ್ದರಿಂದ ನನಗೂ ಪತ್ರ ಬರೆಯುವ ಹಕ್ಕು ಬಂದಿದೆ. ನಿನ್ನ ಚೀಟಿಯನ್ನು ಇಲ್ಲಿ ಹಾಗೆಯೇ ಎತ್ತಿ ಬರೆಯುತ್ತೇನೆ, ನಾಳೆ ‘ನಾನು ಹಾಗೆ ಬರೆದೇ ಇಲ್ಲ’ ಎಂದು ನೀನು ವಾದಿಸಬಾರದು:

‘ಲೇ ರ‍್ಯಾಂಕಮ್ಮ, ಸರಿಯಾಗಿ ನೋಡು, ಇನ್ನೇನು ಬಿಟ್ಕೊಂಡೇಬಿಡ್ತು. ಉಳಿದ ನಡೆ ಎಲ್ಲಾ ನೀನೇ ಮುಗಿಸು, ಮೊದಲನೇ ಸ್ಥಾನ ಯಾವತ್ತೂ ನಿಂದೇ ತಾನೇ. ತಿಂಗಳ ಕೊನೆಗೆ ನಮ್ಮನ್ನ ಸಮುದ್ರದಾಚೆ ಹೊಸ ಕಾರ್ಖಾನೆಗೆ ಕಳಿಸ್ತಿದಾರೆ. ಅಲ್ಲಿಂದ ಕಾರ್ಡು ಹಾಕಿದ್ರೆ ನಮ್ಮ ಆಟ ನಮ್ಮ ಮೊಮ್ಮಕ್ಕಳು ಮುಗಿಸ್ಬೇಕಾಗುತ್ತೆ. ಹೋಗೋಕೆ ಮುಂಚೆ ಬಂದ್ಬಿಡೇ. ಬಿಡಿಸಿದ ದಿನ ಬರ್ತೀನಿ ಅಂದಿದ್ದೆಯಲ್ಲ, ಈಗ ಬಿಡಿಸಿದ ಹಾಗೇ. ಮೂರನೇ ಮಹಡಿ. ಲಿಫ್ಟು ಕೆಟ್ಟಿದೆ. ನಗಬೇಡ.’

ನಾನು ನಗಲಿಲ್ಲ. ಲಿಫ್ಟಿನ ಕಂಪನಿಯಲ್ಲಿ ತಂತಿಗಳ ನಕ್ಷೆ ಬರೆಯುವವಳ ಮನೆಯಲ್ಲಿ ಲಿಫ್ಟು ಕೆಟ್ಟಿರುವುದು ತಮಾಷೆಯ ವಿಷಯವೇ ಸರಿ, ಆದರೂ ನಗಲಿಲ್ಲ.

ಈ ಪತ್ರವನ್ನು ನೀನು ನಿನ್ನ ಯಜಮಾನರಿಗೆ, ಆ ಕನ್ನಡಕದಂಗಡಿಯವರಿಗೆ, ಗಟ್ಟಿಯಾಗಿ ಓದಿ ಹೇಳುತ್ತೀಯ ಎಂಬುದು ನನಗೆ ಗೊತ್ತು. ಮದುವೆಗೆ ಮುಂಚೆಯೂ ನಿನ್ನ ಹೊಟ್ಟೆಯಲ್ಲಿ ಒಂದು ಮಾತು ನಿಂತದ್ದಿಲ್ಲ. ಆದ್ದರಿಂದ ಅವರಿಗೂ ತಿಳಿಯುವಂತೆ ಮೊದಲಿನಿಂದ ಬರೆಯುತ್ತೇನೆ. ನಮ್ಮ ಗುರುಗಳು ಹೇಳುತ್ತಿದ್ದರಲ್ಲ: ನಿನ್ನ ಮುಖ ಕಾಣದವನೂ ಸರಿಯೋ ತಪ್ಪೋ ಎಂದು ನೋಡಬಲ್ಲಂತೆ ಬರೆದರೆ ಮಾತ್ರ ಅದು ಸಾಧನೆ, ಉಳಿದದ್ದೆಲ್ಲ ಹರಟೆ.

ಒಂದು ದಾರವನ್ನು ಮನಸ್ಸಿಗೆ ಬಂದಂತೆ ಸಿಕ್ಕಾಗಿಸಿ ಅದರ ಎರಡು ತುದಿಗಳನ್ನು ಬೆಸೆದುಬಿಟ್ಟರೆ ಅದು ನಮ್ಮ ಲೆಕ್ಕದ ಗಂಟು. ಅದನ್ನು ಕಾಗದದ ಮೇಲೆ ಬರೆದಾಗ ಗೆರೆಯನ್ನು ಗೆರೆ ಹಾಯುವ ಜಾಗಕ್ಕೆ ದಾಟು ಎನ್ನುತ್ತೇವೆ. ಅಲ್ಲಿ ಕೆಳಗೆ ಹೋಗುವ ಗೆರೆಯನ್ನು ತುಸು ಕಡಿದು ಬರೆಯುತ್ತೇವೆ, ಮೇಲಿನದನ್ನು ಇಡಿಯಾಗಿ ಎಳೆಯುತ್ತೇವೆ. ಈ ಚಿತ್ರವನ್ನು ಮೂರೇ ಬಗೆಯಲ್ಲಿ ಬದಲಿಸಬಹುದು. ಗೆರೆಯಲ್ಲೊಂದು ಸುರುಳಿ ಹಾಕಬಹುದು, ಇರುವ ಸುರುಳಿಯನ್ನು ಬಿಚ್ಚಬಹುದು. ಒಂದು ಗೆರೆಯನ್ನು ಪಕ್ಕದ ಗೆರೆಯ ಮೇಲೆ ಹೊದಿಸಬಹುದು, ಹೊದ್ದದ್ದನ್ನು ಹಿಂದಕ್ಕೆ ಸರಿಸಬಹುದು. ಎರಡು ಗೆರೆಗಳು ದಾಟುವ ಜಾಗದ ಮೇಲಿಂದಲೋ ಅಡಿಯಿಂದಲೋ ಮೂರನೆಯ ಗೆರೆಯನ್ನು ಆಚೆಗೆ ಜಾರಿಸಬಹುದು. ಸುರುಳಿ, ಹೊದಿಕೆ, ಜಾರು. ಈ ಹೆಸರುಗಳು ನೀನಿಟ್ಟವು. ಪುಸ್ತಕದಲ್ಲಿ ಒಂದು, ಎರಡು, ಮೂರು ಎಂದಷ್ಟೇ ಇದೆ. ಈ ಮೂರರಿಂದ ದಾರ ಕಡಿಯುವುದಿಲ್ಲ, ತನ್ನನ್ನು ತಾನೇ ತೂರಿಕೊಂಡು ಹೋಗುವುದೂ ಇಲ್ಲ. ನೋಡಲು ಎಷ್ಟೇ ಭಯಂಕರವಾದ ಚಿತ್ರವಾದರೂ ಈ ನಡೆಗಳಿಂದ ಕೊನೆಗೊಂದು ಬರಿಯ ಉಂಗುರವಾದರೆ ಅದು ಗಂಟೇ ಅಲ್ಲ, ಗಂಟಿನ ಸೋಗು. ಉಂಗುರವಾಗದಿದ್ದರೆ ಅದು ನಿಜವಾದ ಗಂಟು. ಮೇಲಿನ ಗೆರೆಯನ್ನು ಕೆಳಗೆ ಮಾಡುವುದು ನಾಲ್ಕನೆಯ ನಡೆಯಲ್ಲ. ಅದು ಕತ್ತರಿ.

ನನ್ನ ಪದ್ಧತಿ ನಿನಗೆ ಗೊತ್ತಿದೆ. ದಾಟುಗಳು ಕಡಿಮೆಯಾಗುವ ನಡೆಯನ್ನು ಮಾತ್ರ ನಾನು ನಡೆಯೆಂದು ಎಣಿಸುತ್ತಿದ್ದೆ. ನಿನ್ನದು ತದ್ವಿರುದ್ಧ. ‘ಬಿಡಿಸ್ಬೇಕಾದ್ರೆ ಮೊದ್ಲು ಒಂಚೂರು ಜಾಸ್ತಿ ಸಿಕ್ಕು ಮಾಡ್ಬೇಕು ಕಣೇ’ ಎನ್ನುತ್ತಿದ್ದೆ. ಒಮ್ಮೆ ಗುರುಗಳು ಹಲಗೆಯ ಮೇಲೆ ಬರೆದಿಟ್ಟ ಒಂದು ಚಿತ್ರವನ್ನು ನಾನು ವಾರವಿಡೀ ದಿಟ್ಟಿಸಿ, ಕಡಿಮೆಯಾಗುವ ಒಂದು ನಡೆಯೂ ಇಲ್ಲ, ಆದ್ದರಿಂದ ಇದು ನಿಜವಾದ ಗಂಟು ಎಂದು ಬರೆದುಕೊಟ್ಟಿದ್ದೆ. ನೀನು ಚಹಾ ಲೋಟ ಹಿಡಿದುಕೊಂಡೇ ಬಂದು, ಬೇಕಿಲ್ಲದ ಕಡೆ ಒಂದು ಗೆರೆಯನ್ನು ಹೊದಿಸಿ, ಚಿತ್ರವನ್ನು ಇನ್ನಷ್ಟು ಕೆಡಿಸಿದೆ. ಆಮೇಲೆ ಅದು ತಾನಾಗಿಯೇ ಬಿಚ್ಚಿಕೊಳ್ಳುತ್ತ ಹೋಗಿ ಉಂಗುರವಾಯಿತು. ಗುರುಗಳು ನಕ್ಕರು. ಪದಕ ನನಗೇ ಬಂತು. ಆದರೂ ಆ ದಿನದ ಚಹಾದ ವಾಸನೆ ನನಗಿನ್ನೂ ಮರೆತುಹೋಗಿಲ್ಲ.

ಈಗ ನಮ್ಮ ಗಂಟಿನ ವಿಷಯ. ನಾವಿಬ್ಬರೂ ಒಂದೇ ಕೊಠಡಿಯಲ್ಲಿ ಎದುರುಬದುರು ಮೇಜು ಹಾಕಿಕೊಂಡು ಓದುತ್ತಿದ್ದೆವು. ನಿನಗೆ ಲಿಫ್ಟಿನ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದೂ ಸಂಶೋಧನೆ ಬಿಡುತ್ತೀಯೆಂದೂ ನೀನು ಹೇಳಿದ್ದು ಆ ಕೊಠಡಿಯಲ್ಲಿಯೇ, ಕೊನೆಯ ದಿನ, ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತ. ‘ಮೇಲೆ ಕೆಳಗೆ ಹೋಗೋ ಡಬ್ಬಿಗೆ ತಂತಿ ಎಳೆಯೋಕೆ ಇಷ್ಟು ಓದ್ಬೇಕಿತ್ತಾ?’ ಎಂದು ನಾನು ಕೇಳಿದೆ. ನಿನಗೆ ಕೋಪ ಬರಲಿಲ್ಲ. ‘ಹೌದಮ್ಮ, ನನ್ನ ಡಬ್ಬಿಗೆ ನಾಲ್ಕು ಜನ ಹತ್ತುತಾರೆ, ಇಳೀತಾರೆ. ನಿನ್ನ ಗಂಟಿಗೆ ಯಾರು ಹತ್ತುತಾರೆ ಹೇಳು’ ಎಂದೆ. ಆಮೇಲೆ, ನನ್ನನ್ನು ನಗಿಸಲೆಂದೇ ಇರಬೇಕು, ಕಣ್ಣು ಮುಚ್ಚಿಕೊಂಡು ಹಲಗೆಯ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದೆ. ತಿರುಗಿ, ಬಳಸಿ, ತನ್ನನ್ನೇ ಹತ್ತಾರು ಕಡೆ ಹಾಯ್ದು ಅದು ಹೊರಟಲ್ಲಿಗೇ ಬಂದು ಸೇರಿತು. ನಾನು ಹಲಗೆಗೆ ಬೆನ್ನು ಮಾಡಿ ಕಿಟಕಿಯ ಕಡೆ ನಿಂತಿದ್ದೆ. ಪ್ರತಿ ದಾಟಿಗೂ ನೀನು ‘ಮೇಲೋ, ಕೆಳಗೋ?’ ಎಂದು ಕೇಳಿದೆ. ನೋಡದೆಯೇ ನಾನು ಬಾಯಿಗೆ ಬಂದದ್ದನ್ನು ಹೇಳಿದೆ. ಹಾಗಾಗಿ ಆ ಗಂಟು ಅರ್ಧ ನಿನ್ನ ಕೈ, ಅರ್ಧ ನನ್ನ ಬಾಯಿ. ಏನು ಕಟ್ಟಿದ್ದೇವೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಪೆಟ್ಟಿಗೆಗೆ ಟೇಪು ಸುತ್ತುತ್ತ ನೀನು ಕೇಳಿದೆ: ‘ನಮ್ಮನೆಗೆ ಯಾವಾಗ ಬರ್ತೀಯೇ?’ ನಾನು ಹಲಗೆ ತೋರಿಸಿ, ‘ಇದನ್ನ ಬಿಡಿಸಿದ ದಿನ’ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿನ್ನ ಮುಖ ನೋಡಿ ಹೇಳಿದ್ದರೆ ಹಾಗೆ ಹೇಳುತ್ತಿರಲಿಲ್ಲವೇನೋ. ನೀನೂ ಬಿಡುವವಳಲ್ಲ: ‘ಹಾಗಾದ್ರೆ ಇಬ್ರೂ ಸೇರಿ ಬಿಡಿಸೋಣ. ಒಂದು ಕಾರ್ಡಿಗೆ ಒಂದು ನಡೆ. ಮಾತಿಲ್ಲ ಕತೆಯಿಲ್ಲ’ ಎಂದು ಚಿತ್ರದ ಎರಡು ನಕಲು ಮಾಡಿ ಒಂದನ್ನು ನನ್ನ ಕೈಗಿಟ್ಟೆ. ಮೊದಲ ಕಾರ್ಡು ವಾರದೊಳಗೇ ಬಂತು.

ಇಷ್ಟು ಪೀಠಿಕೆ. ಇನ್ನು ಆಕ್ಷೇಪ.

ನಿನ್ನ ಕಾರ್ಡಿನಲ್ಲಿ ಕೆಳಗಡೆ ಬಲಕ್ಕೆ ನೀನು ಒಂದು ಜಾರು ನಡೆಸಿದ್ದೀಯ. ಅದು ಸರಿಯಾಗಿದೆ, ಸೀಸದ ಕಡ್ಡಿಯ ಬಾಣವೂ ಅಲ್ಲಿಯೇ ಇದೆ. ಆದರೆ ಬಾಣವಿಲ್ಲದ ಎಡ ಮೇಲ್ತುದಿಯಲ್ಲಿ, ನನ್ನ ಹಿಂದಿನ ಕಾರ್ಡಿನಲ್ಲಿ ಕಡಿದಿದ್ದ ಗೆರೆ ಈಗ ಇಡಿಯಾಗಿದೆ, ಇಡಿಯಾಗಿದ್ದದ್ದು ಕಡಿದಿದೆ.

ಮೊದಲು ನಾನು ನಿನ್ನ ಪರವಾಗಿಯೇ ಯೋಚಿಸಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನೀನು ಗುರುಗಳಿಗೆ ಬರೆದಿದ್ದ ಪತ್ರವನ್ನು ಅವರು ನನಗೆ ಓದಿ ಹೇಳಿದ್ದರು: ‘ನಮ್ಮ ನಕ್ಷೇಲಿ ತಂತಿ ಮೇಲೆ ಹೋದರೇನು, ಕೆಳಗೆ ಹೋದರೇನು ಸರ್, ಒಂದಕ್ಕೊಂದು ಮುಟ್ಟದಿದ್ರೆ ಸಾಕು.’ ದಿನವಿಡೀ ಅಂಥ ನಕ್ಷೆ ಬರೆಯುವವಳ ಕೈ ಸಂಜೆಗೆ ಮೇಲು ಕೆಳಗು ಮರೆತರೆ ಆಶ್ಚರ್ಯವಿಲ್ಲ ಎಂದುಕೊಂಡೆ. ಆ ವಿವರಣೆ ನನಗೆ ಹಿತವಾಗಿಯೂ ಇತ್ತು. ಆದರೆ ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಆ ಜಾಗದಲ್ಲಿ ಕಾಗದದ ಹೊಳಪು ಹೋಗಿ ನವಿರು ಎದ್ದಿದ್ದು ಕಂಡಿತು. ಶಾಯಿಯನ್ನು ಬ್ಲೇಡಿನಿಂದ ಕೆರೆದು ತೆಗೆದು ಮತ್ತೆ ಬರೆದಿದ್ದೀಯ. ಮರೆತ ಕೈ ಬ್ಲೇಡು ಹುಡುಕುವುದಿಲ್ಲ.

ಕಣ್ಣಿಗೆ ಕಂಡದ್ದು ಸಾಧನೆಯಲ್ಲ, ಆದ್ದರಿಂದ ಬಣ್ಣದ ಪರೀಕ್ಷೆಯನ್ನೂ ಮಾಡಿದೆ. ಕನ್ನಡಕದಂಗಡಿಯವರಿಗಾಗಿ ಅದನ್ನೂ ವಿವರಿಸುತ್ತೇನೆ. ಒಂದು ಕಡಿತದಿಂದ ಮುಂದಿನ ಕಡಿತದವರೆಗೆ ಗೆರೆಯ ಪ್ರತಿ ತುಂಡಿಗೂ ಒಂದು ಬಣ್ಣ ಹಾಕಬೇಕು. ಮೂರೇ ಬಣ್ಣ. ಪ್ರತಿ ದಾಟಿನಲ್ಲೂ ಮೂರು ತುಂಡುಗಳು ಕೂಡುತ್ತವೆ: ಮೇಲೆ ಹಾಯುವುದೊಂದು, ಕೆಳಗೆ ಬಂದು ನಿಂತದ್ದೊಂದು, ಆಚೆ ಹೊರಟದ್ದೊಂದು. ಆ ಮೂರೂ ಒಂದೇ ಬಣ್ಣದವಾಗಿರಬೇಕು, ಇಲ್ಲವೇ ಮೂರೂ ಬೇರೆ ಬೇರೆಯಾಗಿರಬೇಕು. ಎರಡು ಒಂದಾಗಿ ಮೂರನೆಯದು ಹೊರಗುಳಿಯಬಾರದು. ಇಡೀ ಚಿತ್ರಕ್ಕೆ ಒಂದೇ ಬಣ್ಣ ಬಳಿದು ಜಾರಿಕೊಳ್ಳುವಂತೆಯೂ ಇಲ್ಲ. ಹೀಗೆ ಬಣ್ಣ ಹಿಡಿಯುವ ಚಿತ್ರವನ್ನು ಸುರುಳಿ, ಹೊದಿಕೆ, ಜಾರುಗಳಿಂದ ಎಷ್ಟು ಬದಲಿಸಿದರೂ ಅದು ಬಣ್ಣ ಹಿಡಿಯುತ್ತಲೇ ಇರುತ್ತದೆ. ಬರಿಯ ಉಂಗುರ ಮಾತ್ರ ಎಂದಿಗೂ ಹಿಡಿಯುವುದಿಲ್ಲ, ಅದಕ್ಕಿರುವುದು ಒಂದೇ ತುಂಡು. ಆದ್ದರಿಂದ ಬಣ್ಣ ಹಿಡಿದದ್ದು ಎಂದಿಗೂ ಉಂಗುರವಾಗದು.

ನಾನು ನಿನಗೆ ಕಳಿಸಿದ ಹಿಂದಿನ ಕಾರ್ಡು ಮೂರು ಬಣ್ಣ ಹಿಡಿಯುತ್ತದೆ. ನೀನು ಕಳಿಸಿದ್ದು ಹಿಡಿಯುವುದಿಲ್ಲ. ನೀನು ಕೆರೆದ ದಾಟಿಗೆ ಬಂದಾಗಲೆಲ್ಲ ಎರಡು ತುಂಡು ಹಸಿರಾಗಿ ಒಂದು ಕೆಂಪು ಹೊರಗುಳಿಯುತ್ತದೆ. ಎರಡೂ ಒಂದೇ ಗಂಟಿನ ಚಿತ್ರಗಳಲ್ಲ. ಸಾಧನೆ ಮುಗಿಯಿತು.

ನಿಯಮದ ಪ್ರಕಾರ ಪತ್ರವೂ ಇಲ್ಲಿಗೆ ಮುಗಿಯಬೇಕಿತ್ತು.

ಬುಧವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ತರಗತಿ ಖಾಲಿಯಾಗಿತ್ತು. ನಿನ್ನ ಕಾರ್ಡಿನ ಚಿತ್ರವನ್ನು ನೀನು ಬರೆದಂತೆಯೇ, ಆ ದಾಟಿನ ಸಮೇತ, ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ತಪ್ಪು ಊಹೆಯಿಂದ ಏನೇನು ಹೊರಡುತ್ತದೆಂದು ನೋಡುವುದು ನಮ್ಮ ವಿದ್ಯೆಯಲ್ಲಿ ತಪ್ಪಲ್ಲ. ಒಂದು ಹೊದಿಕೆ ತೆಗೆದೆ. ಒಂದು ಗೆರೆ ಜಾರಿಸಿದೆ. ಆಮೇಲೆ ನಾನು ಏನೂ ಮಾಡುತ್ತಿರುವಂತೆಯೇ ಅನ್ನಿಸಲಿಲ್ಲ. ಒರೆಸಿದಲ್ಲೆಲ್ಲ ಗೆರೆ ನೇರವಾಗುತ್ತ, ಸುರುಳಿಗಳು ತಾವಾಗಿ ಉದುರುತ್ತ, ಹಲಗೆಯ ಮೇಲೆ ಕೊನೆಗೊಂದು ಉಂಗುರ ಉಳಿಯಿತು. ಇಷ್ಟು ವರ್ಷ ಅಂಚೆಯಲ್ಲಿ ಓಡಾಡಿದ್ದು ಆ ಒಂದು ದಾಟಿಗೆ ಜೋತುಬಿದ್ದು ನಿಂತಿತ್ತು. ನಾನು ಸೀಮೆಸುಣ್ಣ ಹಿಡಿದು ಅದನ್ನೇ ನೋಡುತ್ತ ನಿಂತಿದ್ದೆ. ಗುರುಗಳು ಬಾಗಿಲಲ್ಲಿ ಇಣುಕಿ, ‘ಏನಮ್ಮ, ಆಗ್ಲಿಂದ ಸೊನ್ನೆ ನೋಡ್ತಾ ನಿಂತಿದೀಯಲ್ಲ, ತಲೆ ನೆಟ್ಟಗಿದೆಯಾ?’ ಎಂದರು. ಸೊನ್ನೆಯಲ್ಲ ಸರ್, ಉಂಗುರ ಎಂದೆ. ‘ಎರಡೂ ಒಂದೇ. ಮನೆಗೆ ಹೋಗು’ ಎಂದರು.

ಅಲ್ಲಿಂದ ಮನೆಯವರೆಗೆ ನಡೆಯುವಾಗ ಒಂದು ಪ್ರಶ್ನೆ ಬೆನ್ನು ಹತ್ತಿತು. ಆ ಚಿತ್ರದಲ್ಲಿ ಈಗ ಇರುವ ದಾಟುಗಳು ಒಂದೆರಡಲ್ಲ. ಅವುಗಳಲ್ಲಿ ಯಾವುದೋ ಒಂದನ್ನು ತಿರುಗಿಸಿದರೆ ಉಂಗುರವಾಗಿಬಿಡುವುದಿಲ್ಲ. ಬಹುಪಾಲು ಕಡೆ ತಿರುಗಿಸಿದರೆ ಇನ್ನೊಂದು ಗಂಟಾಗುತ್ತದೆ, ಅಷ್ಟೇ. ನಾನು ಗುರುವಾರ ಕುಳಿತು ಒಂದೊಂದನ್ನೇ ತಿರುಗಿಸಿ ನೋಡಿದೆ. ನೀನು ಮುಟ್ಟಿದ್ದು ಸರಿಯಾದ ದಾಟನ್ನೇ. ತಪ್ಪುವ ಕೈ ಅಷ್ಟು ಸರಿಯಾದ ಜಾಗದಲ್ಲಿ ತಪ್ಪುವುದಿಲ್ಲ. ಯಾವ ದಾಟನ್ನು ತಿರುಗಿಸಿದರೆ ಗಂಟು ಬಿಡುತ್ತದೆಂದು ಹುಡುಕಿದವಳಿಗೆ, ತಿರುಗಿಸದಿದ್ದರೆ ಅದು ಬಿಡುವುದೇ ಇಲ್ಲವೆಂಬುದೂ ಗೊತ್ತಿರಲೇಬೇಕು. ಗೋಜಲು, ನಿನಗೆ ಗೊತ್ತಿತ್ತು.

ಯಾವಾಗಿನಿಂದ ಎಂಬುದನ್ನು ತಿಳಿಯಲು, ಬಂದ ಕಾರ್ಡುಗಳನ್ನೂ ನಾನು ಕಳಿಸಿದವುಗಳ ನಕಲುಗಳನ್ನೂ ಒಟ್ಟಿಗೆ ಕೋಣೆಯ ನೆಲದ ಮೇಲೆ ಸಾಲಾಗಿ ಹರಡಿದೆ. ಬಾಗಿಲಿಂದ ಮಂಚದ ಕಾಲಿನವರೆಗೆ, ಅಲ್ಲಿಂದ ತಿರುಗಿ ಕಪಾಟಿನವರೆಗೆ ಬಂದವು. ಮನೆಯ ಒಡತಿ ಒಣಗಿದ ಬಟ್ಟೆ ಕೊಡಲು ಬಂದವರು ಹೊಸ್ತಿಲಲ್ಲೇ ನಿಂತು, ‘ಅಲ್ಲಮ್ಮ, ಒಂದೇ ಚಿತ್ರಾನ ಎಷ್ಟು ಸಲ ಬರೀತೀರಿ, ಸರಿಯಾಗಿ ಬರೋವರ್ಗೂನಾ?’ ಎಂದು ಕೇಳಿದರು. ಇದು ಸ್ನೇಹಿತೆಯೊಬ್ಬಳೊಂದಿಗೆ ಆಡುವ ಆಟ ಎಂದೆ. ಅವರ ಮುಖದಲ್ಲಿ ನಂಬಿಕೆ ಹುಟ್ಟಲಿಲ್ಲ. ‘ಸ್ನೇಹಿತೆ ಇದಾರಾ ನಿಮಗೆ? ಒಂದು ದಿನಾನೂ ಬಂದಿದ್ದು ಕಾಣ್ಲಿಲ್ವಲ್ಲ’ ಎಂದು ಬಟ್ಟೆಯನ್ನು ಕುರ್ಚಿಯ ಮೇಲಿಟ್ಟು ಹೋದರು. ಅವರದು ಕೆಟ್ಟ ಮನಸ್ಸಲ್ಲ.

ಕಾರ್ಡುಗಳನ್ನು ಸಾಲಾಗಿ ನೋಡಿದಾಗ ಕಂಡದ್ದಿಷ್ಟು. ನಿನ್ನ ಮೊದಲ ಕೆಲವು ಕಾರ್ಡುಗಳಲ್ಲಿ ನೀನು ಪ್ರಾಮಾಣಿಕವಾಗಿ ಬಿಡಿಸಲು ಹೊರಟಿದ್ದೆ; ದಾಟುಗಳು ಏರಿ, ಇಳಿದು, ಮತ್ತೆ ಏರುತ್ತವೆ. ನಿನ್ನ ಮದುವೆಯ ಆಸುಪಾಸಿನಿಂದ ಅವು ಇಳಿಯುವುದೇ ಇಲ್ಲ. ಬಿಚ್ಚಬಹುದಾದ ಸುರುಳಿ ಮೂಗಿನ ಮುಂದೆ ಇದ್ದರೂ ಅದನ್ನು ಬಿಟ್ಟು ನೀನು ಇನ್ನೆಲ್ಲೋ ಒಂದು ಹೊದಿಕೆ ಹಾಕುತ್ತೀಯ. ನೀನು ಆ ಹೊತ್ತಿಗೆ ಬಣ್ಣ ಹಾಕಿ ನೋಡಿದ್ದೆ. ಇದು ಬಿಡಿಸುವ ಆಟವಲ್ಲವೆಂದು ತಿಳಿದೂ ಆಡುತ್ತಿದ್ದೆ.

ಇದನ್ನು ನಿನ್ನ ಮೇಲೆ ದೂರು ಎಂದು ಬರೆಯಲು ಹೊರಟಿದ್ದೆ. ಆದರೆ ಅದೇ ಸಾಲಿನಲ್ಲಿ ನನ್ನ ಕಾರ್ಡುಗಳೂ ಇವೆ. ಕಡಿಮೆಯಾಗುವ ನಡೆಯನ್ನು ಮಾತ್ರ ನಡೆಯೆಂದು ಎಣಿಸುತ್ತಿದ್ದವಳ ಕಾರ್ಡುಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ದಾಟು ಕಡಿಮೆಯಾಗಿಲ್ಲ. ನೀನು ಲೆಕ್ಕ ಬಲ್ಲವಳು, ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೂ ಸಾಧನೆಯಲ್ಲಿ ಒಂದು ಸಾಲನ್ನು ಬಿಟ್ಟು ಹಾರುವುದು ನನ್ನ ಪದ್ಧತಿಯಲ್ಲ. ಕೊನೆಯ ದಿನ, ನಿನ್ನನ್ನು ಕೊಠಡಿಯಲ್ಲೇ ಬಿಟ್ಟು ಹೊರಟ ನಾನು ಬಸ್ಸಿನ ಕಿಟಕಿಯ ಪಕ್ಕ ಕುಳಿತು, ನಕಲನ್ನು ತೊಡೆಯ ಮೇಲಿಟ್ಟುಕೊಂಡು, ಮೂರು ಬಣ್ಣ ಹಾಕಿದ್ದೆ. ಹಿಡಿಯಿತು. ಬಸ್ಸು ಇಳಿಯುವುದಕ್ಕೆ ಮೊದಲೇ ನನಗೆ ಗೊತ್ತಿತ್ತು, ನಿನ್ನ ಮನೆಗೆ ಎಂದಿಗೂ ಬರುವುದಿಲ್ಲವೆಂದು ನಾನು ಪ್ರತಿಜ್ಞೆ ಮಾಡಿಬಿಟ್ಟಿದ್ದೇನೆ ಎಂದು. ಗೊತ್ತಿದ್ದು ಮಾಡಿದ್ದಲ್ಲ. ಅದರ ಜೊತೆಗೆ ಇನ್ನೊಂದೂ ಗೊತ್ತಿತ್ತು: ಮುಗಿಯದ ಆಟಕ್ಕೆ ಕಾರ್ಡು ಬರುತ್ತಲೇ ಇರುತ್ತದೆ.

ಬರುತ್ತಲೇ ಇತ್ತು. ನಮ್ಮ ಕೊಠಡಿಯಲ್ಲಿ ನಿನ್ನ ಮೇಜಿನ ಮೇಲೆ ಈಗ ಎಲ್ಲರಿಗೂ ಸೇರಿದ ಪ್ರಿಂಟರು ಇದೆ. ಹಾಳೆ ತೆಗೆದುಕೊಳ್ಳಲು ಬರುವವರು ನನಗೆ ನಮಸ್ಕರಿಸುತ್ತಾರೆ, ತಾವು ತಂದ ಪ್ರಶ್ನೆ ಕೇಳುತ್ತಾರೆ, ಉತ್ತರ ಸರಿಯಾಗಿಯೇ ಇರುತ್ತದೆ, ಹೋಗುತ್ತಾರೆ. ಕ್ಯಾಂಟೀನಿನವನು ನಾನು ಬಾಯಿ ತೆರೆಯುವ ಮೊದಲೇ ‘ಒಂದೇ ಚಹಾ’ ಎಂದು ಒಳಗೆ ಕೂಗುತ್ತಾನೆ. ತಿಂಗಳಲ್ಲಿ ಒಮ್ಮೆಯಾದರೂ ಯಾರಾದರೂ ನನಗೆ ‘ನಿನ್ನ ಸರದಿ’ ಎಂದು ಬರೆಯುತ್ತಾರೆ ಎಂಬುದು ದೊಡ್ಡ ವಿಷಯವಲ್ಲ. ಇಲ್ಲಿ ಅದನ್ನು ದಾಖಲಿಸಿದ್ದು, ನೀನು ಆಟ ನಿಲ್ಲಿಸಲು ಹೊರಟಿರುವುದರಿಂದ.

ನಿನ್ನ ಉದ್ದೇಶ ನನಗೆ ಅರ್ಥವಾಗಿಲ್ಲವೆಂದು ತಿಳಿಯಬೇಡ. ನಾನು ಮಾತು ಮುರಿಯುವವಳಲ್ಲವೆಂದು ನಿನಗೆ ಗೊತ್ತು, ಆದ್ದರಿಂದ ಗಂಟನ್ನು ಮುರಿದೆ. ನಾನು ತಲೆ ತಗ್ಗಿಸದೆ ಬಾಗಿಲೊಳಗೆ ಬರಲೆಂದು ಬಾಗಿಲನ್ನೇ ಎತ್ತರಿಸಿಟ್ಟೆ. ‘ಉಳಿದ ನಡೆ ಎಲ್ಲಾ ನೀನೇ ಮುಗಿಸು’ ಎಂದದ್ದೂ ಅದಕ್ಕೇ. ಬಿಡಿಸಿದವಳು ನಾನೇ ಎಂದಿರಲಿ ಎಂದು. ಹೀಗೆ ಇನ್ನೊಬ್ಬರ ಸೊಕ್ಕಿಗೆ ಅಳತೆ ತೆಗೆದು ಬಟ್ಟೆ ಹೊಲಿಯುವ ಕೆಲಸ ನಿನ್ನಿಂದ ಮಾತ್ರ ಆದೀತು.

ಆದರೆ ಚಿತ್ರ ತಪ್ಪು. ತಪ್ಪೆಂದು ಮೇಲೆ ಸಾಧಿಸಿಯಾಗಿದೆ. ಗಂಟು ಬಿಟ್ಟಿಲ್ಲ, ಕರಾರು ‘ಬಿಡಿಸಿದ ದಿನ’ ಎಂದಿತ್ತು. ಆದ್ದರಿಂದ ನಾನು ಬರುವ ಪ್ರಶ್ನೆ ಏಳುವುದಿಲ್ಲ. ಕಾರ್ಡನ್ನು ತಿದ್ದಿ ಇದರ ಜೊತೆಗಿಟ್ಟಿದ್ದೇನೆ.

ನಿನಗೂ ಅವರಿಗೂ ಪ್ರಯಾಣ ಸುಖಕರವಾಗಿರಲಿ.

ಇಂತು,
ಎದುರು ಮೇಜಿನವಳು

ಮರೆತದ್ದು: ಇಂದು ಶನಿವಾರ, ಬೆಳಿಗ್ಗೆ. ಪತ್ರಕ್ಕೆ ಅಂಟು ಹಚ್ಚುವ ಮೊದಲು ಮತ್ತೊಮ್ಮೆ ಓದಿದೆ. ಸಾಧನೆಯಲ್ಲಿ ತಪ್ಪಿಲ್ಲ, ಆದರೆ ಒಂದು ಸಂಗತಿ ಬಿಟ್ಟುಹೋಗಿದೆ.

ಮೂರನೇ ಮಹಡಿ, ಲಿಫ್ಟು ಕೆಟ್ಟಿದೆ ಎಂದು ನೀನು ಬರೆಯಬೇಕಾಗಿರಲಿಲ್ಲ. ಅದು ಕಳೆದ ವರ್ಷವೂ ಕೆಟ್ಟಿತ್ತು. ಅದರ ಜಾಲರಿ ಬಾಗಿಲಿಗೆ ‘ಕೆಟ್ಟಿದೆ’ ಎಂಬ ರಟ್ಟನ್ನು ನೀಲಿ ದಾರದಲ್ಲಿ ಕಟ್ಟಿದ್ದರು, ಎಳೆದರೆ ಬಿಚ್ಚುವ ಗಂಟು. ನಿಮ್ಮ ಊರಿನಲ್ಲಿ ನಡೆದ ಗಣಿತ ಸಮ್ಮೇಳನಕ್ಕೆ ನಾನು ಬಂದಿದ್ದೆ. ಪ್ರಬಂಧ ಓದಿದೆ, ಚಪ್ಪಾಳೆ ತಟ್ಟಿದರು, ಮಧ್ಯಾಹ್ನ ಬಿಡುವಿತ್ತು. ಮೂರು ಮಹಡಿ ಹತ್ತಿ ಬಂದೆ. ನಿನ್ನ ಬಾಗಿಲ ಹೊರಗೆ ಬಹಳ ಜೋಡು ಚಪ್ಪಲಿಗಳಿದ್ದವು. ಒಳಗೆ ಯಾರೋ ಏನೋ ಹೇಳಿದರು, ನೀನು ನಕ್ಕೆ. ನಗುವ ಮೊದಲು ಬಿಕ್ಕಳಿಕೆಯಂಥ ಒಂದು ಸದ್ದು ಬರುತ್ತದಲ್ಲ, ಅದು ಇನ್ನೂ ಹಾಗೆಯೇ ಇದೆ. ಬಾಗಿಲಿನ ಅಂಚೆಯ ಸೀಳಿನಲ್ಲಿ ಒಂದು ಕಾರ್ಡು ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡಿತ್ತು. ಊರಿಂದ ಹೊರಡುವ ಮೊದಲು ನಾನೇ ಅಂಚೆಗೆ ಹಾಕಿದ್ದು. ಅದು ನನಗಿಂತ ಮೊದಲೇ ಬಂದು ತಲುಪಿತ್ತು, ಒಳಗೆ ಹೋಗುವ ಹಕ್ಕು ಅದಕ್ಕಿತ್ತು. ನಾನು ಅದನ್ನು ಬೆರಳಿನಿಂದ ಪೂರ್ತಿ ಒಳಗೆ ತಳ್ಳಿ, ನೆಲಕ್ಕೆ ಬಿದ್ದ ಸದ್ದು ಕೇಳಿ, ಇಳಿದು ಹೋದೆ. ಆ ನಡೆ ಯಾವ ಕಾರ್ಡಿನಲ್ಲೂ ದಾಖಲಾಗಿಲ್ಲ.

ಗಂಟು ಬಿಟ್ಟಿಲ್ಲ. ಆದರೂ ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದೇನೆ. ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ನೀನು ಇದನ್ನು ಓದುವಾಗ ನಾನು ನಿನ್ನ ಎದುರಿಗೆ ಕುಳಿತಿರುತ್ತೇನೆ, ಆದ್ದರಿಂದ ಗಟ್ಟಿಯಾಗಿ ಓದಬೇಡ. ತಿದ್ದಿದ ಕಾರ್ಡಿನಲ್ಲಿ ನನ್ನ ನಡೆಯನ್ನೂ ಬರೆದಿದ್ದೇನೆ: ಬಲಕ್ಕೊಂದು ಹೊಸ ಹೊದಿಕೆ. ಎರಡು ದಾಟು ಹೆಚ್ಚಾಗಿವೆ. ನಿನ್ನ ಸರದಿ. ಸಮುದ್ರದಾಚೆಯಿಂದ ಅಂಚೆ ಎಷ್ಟು ತಡವಾದರೂ ಆಗಲಿ.

ಎಡ ಮೇಲ್ತುದಿಯ ಆ ದಾಟನ್ನು ನಾನು ಒಪ್ಪುವುದಿಲ್ಲ.